ಕಿಟಕಿ ತೆರೆದು ಬೆಚ್ಚಗಿರುವ ವಿದ್ಯೆ

ಟೆಕ್ಸಾಸ್‌ನ ಚಳಿ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನ ತೋಳಿಲ್ಲದ ಅಂಗಿ ತೊಟ್ಟು ಓಡಾಡಿದವರು ಸಂಜೆಗೆ ಸ್ವೆಟರ್ ಹುಡುಕುತ್ತಾರೆ. ಉತ್ತರದ ಬಯಲಿನಿಂದ ನುಗ್ಗುವ ಈ ತಣ್ಣನೆಯ ಗಾಳಿಯನ್ನು ಇಲ್ಲಿಯವರು ‘ನಾರ್ದರ್’ ಎನ್ನುತ್ತಾರೆ. ಅದು ಬೀಸಿತೆಂದರೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಹದಿನೈದು ಇಪ್ಪತ್ತು ಡಿಗ್ರಿ ಕುಸಿಯುವುದುಂಟು. ಡಾಲಸ್‌ನಿಂದ ಪಾಲೊ ಡ್ಯೂರೊ ಕಣಿವೆಗೆ, ಹ್ಯೂಸ್ಟನ್‌ನಿಂದ ಬಿಗ್ ಬೆಂಡ್‌ಗೆ, ಆಸ್ಟಿನ್‌ನಿಂದ ಎನ್‌ಚಾಂಟೆಡ್ ರಾಕ್‌ಗೆ ಡಿಸೆಂಬರ್ ರಜೆಯಲ್ಲಿ ಕ್ಯಾಂಪರ್ ವ್ಯಾನ್ ಹೂಡಿಕೊಂಡು ಹೊರಟವರಿಗೆ ಮೊದಲ ರಾತ್ರಿಯೇ ಇದರ ಪರಿಚಯವಾಗುತ್ತದೆ. ವ್ಯಾನ್ ಎಂದರೆ ತಗಡಿನ ಪೆಟ್ಟಿಗೆ. ಹಗಲಿಡೀ ಹೀರಿದ ಬಿಸಿಯನ್ನು ಅದು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಬಿಟ್ಟುಕೊಡುತ್ತದೆ.

ಆಗ ಹೊರಬರುವುದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪ್ರೊಪೇನ್ ಹೀಟರ್. ಮಿಸ್ಟರ್ ಹೀಟರ್ ಕಂಪನಿಯ ‘ಪೋರ್ಟಬಲ್ ಬಡ್ಡಿ’ ಈ ಜಾತಿಯಲ್ಲಿ ಹೆಸರುವಾಸಿ. ಹಸಿರು ಬಣ್ಣದ ಒಂದು ಪೌಂಡಿನ ಸಿಲಿಂಡರ್ ತಿರುಗಿಸಿ ಕೂರಿಸಿದರೆ ಅದರ ಪಿಂಗಾಣಿ ಹಲಗೆ ಕೆಂಪಗೆ ಕಾಯುತ್ತದೆ. ಕಡಿಮೆ ಉರಿಯಲ್ಲಿ ಗಂಟೆಗೆ 4,000 ಬಿಟಿಯು, ಜೋರು ಉರಿಯಲ್ಲಿ 9,000. ನಮ್ಮ ಲೆಕ್ಕಕ್ಕೆ ತಂದರೆ ಕಡಿಮೆ ಉರಿಯೇ ಸುಮಾರು 1,170 ವ್ಯಾಟ್, ಊರಿನಲ್ಲಿ ಬಕೆಟ್ ನೀರು ಕಾಯಿಸುವ ಇಮ್ಮರ್ಶನ್ ರಾಡಿನಷ್ಟು. ಒಂದು ಸಿಲಿಂಡರ್ ಕಡಿಮೆ ಉರಿಯಲ್ಲಿ ಐದು ಗಂಟೆಯ ಮೇಲೆ, ಜೋರು ಉರಿಯಲ್ಲಿ ಎರಡೂವರೆ ಗಂಟೆಯ ಒಳಗೆ ಖಾಲಿ. ವಿದ್ಯುತ್ ಬೇಡ, ತಂತಿ ಬೇಡ, ಚಿಮಣಿಯೂ ಇಲ್ಲ.

ಚಿಮಣಿ ಇಲ್ಲ ಎಂಬ ಮಾತನ್ನು ಹಗುರವಾಗಿ ದಾಟಬಾರದು. ಉರಿದುದರ ಶಾಖವೆಲ್ಲ ಒಳಗೇ ಉಳಿಯುವುದು ಅದರಿಂದಲೇ, ಉರಿದುದರ ಹೊಗೆಯೆಲ್ಲ ಒಳಗೇ ಉಳಿಯುವುದೂ ಅದರಿಂದಲೇ. ಕಣ್ಣಿಗೆ ಕಾಣದ ಹೊಗೆಯಾದ್ದರಿಂದ ಹೊಗೆ ಇಲ್ಲವೆಂದೇ ಅನಿಸುತ್ತದೆ. ಆದರೆ ಒಂದು ಕಿಲೊ ಪ್ರೊಪೇನ್ ಪೂರ್ತಿ ಉರಿಯಲು ಮೂರೂವರೆ ಕಿಲೊಗೂ ಹೆಚ್ಚು ಆಮ್ಲಜನಕ ಬೇಕು. ಉರಿದ ಮೇಲೆ ಮೂರು ಕಿಲೊ ಕಾರ್ಬನ್ ಡೈಆಕ್ಸೈಡ್ ಮತ್ತು ಒಂದೂವರೆ ಲೀಟರಿಗೂ ಮಿಕ್ಕು ನೀರಿನ ಆವಿ ಬರುತ್ತದೆ. ಎತ್ತರದ ಛಾವಣಿಯ ಫೋರ್ಡ್ ಟ್ರಾನ್ಸಿಟ್‌ನಂಥ ವ್ಯಾನಿನಲ್ಲಿ ಮಂಚ, ಕಪಾಟು ಕಳೆದರೆ ಉಳಿಯುವ ಗಾಳಿ ಸುಮಾರು ಹತ್ತು ಘನ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಬಿರುಕೂ ಇಲ್ಲದಂತೆ ಮುಚ್ಚಿ, ಕಡಿಮೆ ಉರಿಯಲ್ಲಿಟ್ಟರೆ ಆ ಗಾಳಿಯ ಆಮ್ಲಜನಕ ಶೇ. 20.9ರಿಂದ ಶೇ. 18ಕ್ಕೆ ಇಳಿಯಲು ಒಂದೂಕಾಲು ಗಂಟೆ ಸಾಕು. ಜೋರು ಉರಿಗೆ ಅರ್ಧ ಗಂಟೆಯ ಆಚೀಚೆ. ಅಷ್ಟರೊಳಗೆ ಕಾರ್ಬನ್ ಡೈಆಕ್ಸೈಡ್ ಹೊರಗಿನದಕ್ಕಿಂತ ಮೂವತ್ತು ಪಟ್ಟಿಗೂ ಮಿಕ್ಕಿರುತ್ತದೆ. ನಿಜವಾದ ವ್ಯಾನುಗಳಲ್ಲಿ ಸಂದುಗಳಿರುತ್ತವೆ, ಹಾಗಾಗಿ ಇಷ್ಟು ಬೇಗ ಆಗಲಿಕ್ಕಿಲ್ಲ. ಆದರೆ ಆಸೆಯಿಂದ ವ್ಯಾನ್ ಕಟ್ಟಿಕೊಳ್ಳುವವರು ಮೊದಲು ಮಾಡುವ ಕೆಲಸವೇ ಸಂದು ಮುಚ್ಚುವುದು, ಗೋಡೆಗೆ ಉಣ್ಣೆ ತುಂಬುವುದು. ವ್ಯಾನ್ ಚೆನ್ನಾಗಿ ಕಟ್ಟಿದಷ್ಟೂ ಈ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆ.

ಈ ಹೀಟರನ್ನು ರೂಪಿಸಿದವರ ಮೇಲೆ ನನಗೆ ಗೌರವ ಹುಟ್ಟಿದ್ದು ಅದು ಹೇಗೆ ಉರಿಯುತ್ತದೆ ಎಂದು ತಿಳಿದಾಗ ಅಲ್ಲ, ಹೇಗೆ ತಾನೇ ಆರುತ್ತದೆ ಎಂದು ತಿಳಿದಾಗ. ಪಿಂಗಾಣಿ ಹಲಗೆಯ ಬುಡದಲ್ಲಿ ಪೈಲಟ್ ಎಂಬ ಒಂದು ಪುಟ್ಟ ನೀಲಿ ಜ್ವಾಲೆ ಇರುತ್ತದೆ. ಅದರ ತುದಿ ಥರ್ಮೋಕಪಲ್ ಎಂಬ ಕಡ್ಡಿಯನ್ನು ಸದಾ ಸವರುತ್ತಿರಬೇಕು. ಎರಡು ಬೇರೆ ಲೋಹಗಳ ಬೆಸುಗೆಯನ್ನು ಕಾಯಿಸಿದರೆ ಅಲ್ಲೊಂದು ಚಿಕ್ಕ ವಿದ್ಯುತ್ ಹುಟ್ಟುತ್ತದೆ ಎಂದು 1821ರಲ್ಲಿ ಕಂಡುಕೊಂಡವನು ಸೀಬೆಕ್ ಎಂಬ ವಿಜ್ಞಾನಿ. ಕೆಲವೇ ಮಿಲಿವೋಲ್ಟ್‌ಗಳಷ್ಟಿರುವ ಆ ವಿದ್ಯುತ್ತು ಒಂದು ಪುಟಾಣಿ ವಿದ್ಯುತ್ಕಾಂತವನ್ನು ಜೀವಂತವಾಗಿಡುತ್ತದೆ. ಆ ಕಾಂತ ಅನಿಲದ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಹೀಟರ್ ಹೊತ್ತಿಸುವಾಗ ಗುಂಡಿಯನ್ನು ಒತ್ತಿ ಅರ್ಧ ನಿಮಿಷ ಹಿಡಿದಿರಬೇಕಲ್ಲ, ಅದು ಇದಕ್ಕೇ. ಕಡ್ಡಿ ಕಾದು ಕಾಂತಕ್ಕೆ ಬಲ ಬರುವವರೆಗೆ ನಮ್ಮ ಬೆರಳೇ ಬಾಗಿಲು ಹಿಡಿದಿರುತ್ತದೆ. ತಾಳ್ಮೆಗೆಟ್ಟು ಬೇಗ ಕೈಬಿಟ್ಟವರು ‘ಇದು ಕೆಟ್ಟಿದೆ’ ಎಂದು ಅಂಗಡಿಗೆ ಹಿಂತಿರುಗಿಸುತ್ತಾರೆ.

ಇದರ ಮೇಲೆ ಇನ್ನೊಂದು ಉಪಾಯ. ಪೈಲಟ್‌ನ ರಂಧ್ರವನ್ನು ಎಷ್ಟು ಲೆಕ್ಕದಲ್ಲಿ ಕೊರೆದಿರುತ್ತಾರೆಂದರೆ, ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ಆ ಜ್ವಾಲೆ ತನ್ನ ಬುಡ ಬಿಟ್ಟು ಮೇಲಕ್ಕೆ ಎದ್ದು ಗಾಳಿಗಾಗಿ ಚಾಚುತ್ತದೆ. ಚಾಚಿದಾಗ ಕಡ್ಡಿಯ ಮೇಲಿನ ಹಿಡಿತ ತಪ್ಪುತ್ತದೆ. ಕಡ್ಡಿ ತಣ್ಣಗಾಗುತ್ತದೆ, ಕಾಂತ ಕೈಬಿಡುತ್ತದೆ, ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಆಮ್ಲಜನಕ ಶೇ. 18ರ ಸುಮಾರಿಗೆ ಇಳಿಯುವಷ್ಟರಲ್ಲಿ ಹೀಟರ್ ಆರಿರಬೇಕು ಎಂಬುದು ನಿಯಮ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಬರೆದಿಟ್ಟ ಒಂದು ಸಾಲು ಪ್ರೋಗ್ರಾಂ ಇಲ್ಲ. ಕಾಯಬೇಕಾದ ಜ್ವಾಲೆಯೇ ಕಾವಲುಗಾರನೂ ಆಗಿರುವ ಇಂಥ ಸರಳ ಏರ್ಪಾಟನ್ನು ಯೋಚಿಸಿದ ತಲೆಗಳಿಗೆ ಕೈಮುಗಿಯಬೇಕು. ಜೊತೆಗೆ, ಹೀಟರ್ ಮಗುಚಿಬಿದ್ದರೆ ಅನಿಲ ನಿಲ್ಲಿಸುವ ಸ್ವಿಚ್ಚೂ ಇದೆ.

ಆದರೆ ಈ ಕಾವಲುಗಾರನಿಗೆ ಗೊತ್ತಿರುವುದು ಒಂದೇ ಸಂಗತಿ, ಆಮ್ಲಜನಕ. ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ತಿಳಿಯದು. ಹಲಗೆಯ ಮೇಲೆ ಧೂಳು ಕೂತಿದ್ದರೆ, ಬರ್ನರ್‌ನ ಕೊಳವೆಯಲ್ಲಿ ಬೇಸಿಗೆಯಿಡೀ ಜೇಡ ಬಲೆ ಕಟ್ಟಿದ್ದರೆ, ಸುತ್ತಲಿನ ಗಾಳಿ ಚೆನ್ನಾಗಿದ್ದಾಗಲೂ ಉರಿ ಅರೆಬರೆಯಾಗಿ ಮಾನಾಕ್ಸೈಡ್ ಹುಟ್ಟಬಹುದು. ಬಣ್ಣ ವಾಸನೆ ಎರಡೂ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತಲೆಸುತ್ತು ಎಚ್ಚರವಿದ್ದವರಿಗೆ ತಿಳಿಯುತ್ತವೆ. ನಿದ್ದೆಯಲ್ಲಿದ್ದವರಿಗೆ ಏನೂ ತಿಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ‘98 ಇದೆ, ಏನೂ ಆಗಿಲ್ಲ’ ಎಂದು ಸಮಾಧಾನಪಡುವುದು ಇನ್ನೂ ದೊಡ್ಡ ಅಪಾಯ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ಹಿಡಿದದ್ದೆಂದೇ ಓದುತ್ತದೆ. ಅನುಮಾನ ಬಂದರೆ ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಬೇಕು.

ಹಾಗಾಗಿ ಈ ವಿದ್ಯೆಯ ಪೂರ್ವಾರ್ಧವೆಲ್ಲ ಕಿಟಕಿಯದು. ಬೆಚ್ಚಗಿರಲು ಹೀಟರ್ ಹಚ್ಚಿ ಕಿಟಕಿ ತೆರೆದಿಡುವುದು ಹೊಸಬರಿಗೆ ಹುಚ್ಚುತನವಾಗಿ ಕಾಣುತ್ತದೆ. ಊರಿನಿಂದ ಬಂದ ಅಜ್ಜಿ ಜೊತೆಗಿದ್ದರಂತೂ ಮುಗಿಯಿತು: ‘ಮಗು ಮಲಗಿದೆ, ಆ ಕಿಟಕಿ ಹಾಕೋ ಮಾರಾಯ, ಥಂಡಿ ಹಿಡಿಯುತ್ತೆ!’ ಅಜ್ಜಿಯ ಕಾಳಜಿ ಸುಳ್ಳಲ್ಲ. ಹೀಟರ್ ಹಚ್ಚುವ ಮೊದಲೇ ಅವರಿಗೆ ಕಾರಣ ವಿವರಿಸಿ ಹೇಳಬೇಕು, ಏಕೆಂದರೆ ನಾವು ಹೊರಗೆ ಹೋದಾಗ ಪ್ರೀತಿಯಿಂದ ಎದ್ದು ಕಿಟಕಿ ಮುಚ್ಚುವವರು ಅವರೇ. ಬಲ್ಲವರು ತೆರೆಯುವುದು ಎರಡು ಕಡೆ: ಕೆಳಗೆ ಒಂದು, ಮೇಲೆ ಒಂದು. ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ, ತಾಜಾ ಗಾಳಿ ಕೆಳಗಿನಿಂದ ಬರುತ್ತದೆ. ಮುಂದಿನ ಕಿಟಕಿಯ ಗಾಜನ್ನು ಒಂದೆರಡು ಬೆರಳು ಇಳಿಸಿ, ಛಾವಣಿಯ ಫ್ಯಾನಿನ ಮುಚ್ಚಳ ಸ್ವಲ್ಪ ಎತ್ತಿ, ಫ್ಯಾನನ್ನು ಅತಿ ನಿಧಾನಕ್ಕೆ ಹೊರಗೆಳೆಯುವಂತೆ ಇಡುತ್ತಾರೆ. ಎಷ್ಟು ಚದರ ಅಂಗುಲ ತೆರೆದಿರಬೇಕೆಂದು ಹೀಟರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದು ಕನಿಷ್ಠ, ಅದಕ್ಕಿಂತ ಹೆಚ್ಚಿದ್ದರೆ ನಷ್ಟವಿಲ್ಲ. ಹೀಟರ್ ಕೊಡುವ ಶಾಖದಲ್ಲಿ ಒಂದು ಪಾಲು ಹೀಗೆ ಹೊರಗೆ ಹೋಗುತ್ತದೆ. ಹೋಗಲಿ. ಉಸಿರಾಟಕ್ಕೆ ಕೊಡುವ ಬಾಡಿಗೆ ಅದು.

ಊರಿಂದೂರಿಗೆ ಈ ಕಿಟಕಿಯ ಲೆಕ್ಕ ಬದಲಾಗುತ್ತದೆ. ಹ್ಯೂಸ್ಟನ್ ಸುತ್ತಿನ ಕರಾವಳಿಯಲ್ಲಿ ಗಾಳಿ ಮೊದಲೇ ತೇವ. ಒಂದು ಪೌಂಡಿನ ಸಿಲಿಂಡರ್ ಉರಿದರೆ ಮುಕ್ಕಾಲು ಲೀಟರ್ ನೀರು ಆವಿಯಾಗಿ ವ್ಯಾನಿನೊಳಗೆ ಸೇರುತ್ತದೆ. ಮಲಗಿದವರ ಉಸಿರಿನ ತೇವ ಬೇರೆ. ಬೆಳಗಾಗುವಾಗ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ, ಹಾಸಿಗೆಯ ಅಡಿ ಒದ್ದೆ, ತಿಂಗಳೊಪ್ಪತ್ತಿಗೆ ಬೂಸಲು. ಅಲ್ಲಿ ಕಿಟಕಿಯನ್ನು ಇನ್ನಷ್ಟು ಇಳಿಸುವುದೇ ಮದ್ದು. ಆಸ್ಟಿನ್‌ನಿಂದ ಪಶ್ಚಿಮದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಗಾಳಿ ಒಣಗಿರುತ್ತದೆ, ತೇವದ ಕಾಟ ಕಡಿಮೆ. ಡಾಲಸ್‌ನಿಂದ ಉತ್ತರಕ್ಕೆ ತಡೆಯಿಲ್ಲದ ಬಯಲು, ಅಲ್ಲಿ ಗಾಳಿಯ ಹೊಡೆತವೇ ಹೆಚ್ಚು. ವ್ಯಾನಿನ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿ, ಗಾಳಿಯ ಮರೆಯ ಬದಿಯ ಕಿಟಕಿ ತೆರೆಯುವುದು ವಾಡಿಕೆ. ಇನ್ನು ಎತ್ತರ. ಟೆಕ್ಸಾಸ್‌ನ ಕ್ಯಾಂಪ್ ಜಾಗಗಳಲ್ಲಿ ಇದು ಅಷ್ಟು ಕಾಡುವುದಿಲ್ಲ. ಆದರೆ ಹಿಮ ನೋಡಲೆಂದು ನ್ಯೂ ಮೆಕ್ಸಿಕೊ ಕಡೆಗೆ ಹೊರಟವರು ಸಾಂತಾ ಫೆ ತಲುಪುವಷ್ಟರಲ್ಲಿ 7,000 ಅಡಿ ದಾಟಿರುತ್ತಾರೆ. ಅಲ್ಲಿಯ ತೆಳುಗಾಳಿಯಲ್ಲಿ ಪೈಲಟ್ ಜ್ವಾಲೆ ಸುಮ್ಮನೆ ಆರತೊಡಗುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಆ ಕಡ್ಡಿಯನ್ನು ಬಗ್ಗಿಸಿ, ತಿರುಚಿ ಉರಿಯುವಂತೆ ಮಾಡುವ ‘ಉಪಾಯ’ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಅನಿಲದ ಕಥೆಯೂ ಈ ನೆಲದ್ದೇ. ಹ್ಯೂಸ್ಟನ್‌ನ ಪೂರ್ವಕ್ಕಿರುವ ಮಾಂಟ್ ಬೆಲ್ವ್ಯೂ ಎಂಬ ಚಿಕ್ಕ ಊರಿನ ನೆಲದಡಿ ಭಾರೀ ಉಪ್ಪಿನ ಗುಮ್ಮಟವಿದೆ. ಅದರೊಳಗೆ ಕೊರೆದ ಗುಹೆಗಳಲ್ಲಿ ಪ್ರೊಪೇನನ್ನು ತುಂಬಿಡುತ್ತಾರೆ. ಅಮೆರಿಕದ ಪ್ರೊಪೇನ್ ಬೆಲೆಗೆ ಆ ಊರಿನ ದರವೇ ಅಳತೆಗೋಲು. ಟೆಕ್ಸಾಸ್‌ನಲ್ಲಿ ಪ್ರೊಪೇನ್ ಸುರಕ್ಷತೆಯ ಹೊಣೆ ಹೊತ್ತಿರುವುದು 1891ರಲ್ಲಿ ಹುಟ್ಟಿದ ರೈಲ್‌ರೋಡ್ ಕಮಿಷನ್. ಹೆಸರಿನಲ್ಲಿ ರೈಲು ಉಳಿದಿದ್ದರೂ 2005ರಿಂದ ಅದಕ್ಕೂ ರೈಲಿಗೂ ಸಂಬಂಧವಿಲ್ಲ. ಅನಿಲಕ್ಕೆ ಕೆಟ್ಟ ವಾಸನೆ ಬೆರೆಸುವ ಕಾನೂನಿನ ಹಿಂದೆಯೂ ಇಲ್ಲಿಯ ಕಣ್ಣೀರಿದೆ. 1937ರ ಮಾರ್ಚ್ 18ರಂದು ಪೂರ್ವ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಅನಿಲ ಯಾರಿಗೂ ತಿಳಿಯದೆ ನೆಲದಡಿ ಸೇರಿಕೊಂಡು ಸಿಡಿದು ಮುನ್ನೂರರ ಹತ್ತಿರ ಜೀವಗಳು ಹೋದವು. ಹೆಚ್ಚಿನವರು ಮಕ್ಕಳು. ಅದಾದ ಕೆಲವೇ ವಾರಗಳಲ್ಲಿ ಟೆಕ್ಸಾಸ್ ಅನಿಲಕ್ಕೆ ವಾಸನೆ ಕಡ್ಡಾಯ ಮಾಡಿತು. ಇಂದು ಪ್ರೊಪೇನ್ ಸೋರಿದರೆ ಮೂಗಿಗೆ ಬಡಿಯುವ ಮರ್‌ಕ್ಯಾಪ್ಟನ್ ವಾಸನೆ ಬಂದಾಗ ಆ ಮಕ್ಕಳನ್ನು ನೆನೆಯಬೇಕು. ನೆನೆದು ಕೂಡಲೇ ವ್ಯಾನಿನಿಂದ ಇಳಿಯಬೇಕು.

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ್ದು ನೆಲಕ್ಕಿಳಿದು ಮಂಚದಡಿಯ ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇ. 2ರ ಸುಮಾರಿಗೆ ಸೇರಿದರೂ ಕಿಡಿಯೊಂದಕ್ಕೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರ್ ಜೋಡಿಸುವುದು, ಬಿಚ್ಚುವುದು ಎರಡೂ ವ್ಯಾನಿನ ಹೊರಗೆ ನಿಂತು ಮಾಡುವ ಕೆಲಸ. ಕೈಯಲ್ಲಿ ತಿರುಗಿಸಿ ಬಿಗಿ ಮಾಡಿ, ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಚಾಳಿ ಬೇಡವೇ ಬೇಡ. ಇಪ್ಪತ್ತು ಪೌಂಡಿನ ದೊಡ್ಡ ಸಿಲಿಂಡರಿನಿಂದ ಪೈಪ್ ಎಳೆದುಕೊಳ್ಳುವವರು ಸಿಲಿಂಡರನ್ನು ಹೊರಗೇ ಇಡಬೇಕು. ಆ ಪೈಪಿನ ರಬ್ಬರಿನಿಂದ ಒಂದು ಬಗೆಯ ಎಣ್ಣೆ ಪ್ರೊಪೇನಿನಲ್ಲಿ ಕರಗಿ ಬಂದು ಹೀಟರಿನ ಸಣ್ಣ ರಂಧ್ರಗಳನ್ನು ಕಟ್ಟಿಹಾಕುತ್ತದೆ. ನಡುವೆ ಫಿಲ್ಟರ್ ಹಾಕಿದರೆ ಹೀಟರ್ ಬಾಳುತ್ತದೆ. ನಮ್ಮ ಊರಿನ ಎಲ್‌ಪಿಜಿಯಲ್ಲಿ ಪ್ರೊಪೇನ್ ಜೊತೆ ಬ್ಯೂಟೇನ್ ಬೆರೆತಿರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮಾತ್ರ ಮೈನಸ್ 42ರವರೆಗೂ ಆವಿಯಾಗುತ್ತದೆ, ಚಳಿಯ ಕೆಲಸಕ್ಕೆ ಅದನ್ನು ಆರಿಸಿಕೊಂಡದ್ದು ಅದಕ್ಕೇ.

ಚೆನ್ನಾಗಿ ಬಲ್ಲವರ ಕೈಯಲ್ಲಿ ಒಂದು ಸಂಜೆ ಹೀಗೆ ಸಾಗುತ್ತದೆ. ಹೊರಗೆ ಸೋಪು ನೀರಿನ ಪರೀಕ್ಷೆ ಮುಗಿಸಿ ಹೀಟರನ್ನು ಒಳತಂದು ಸಮನಾದ ಗಟ್ಟಿ ನೆಲದ ಮೇಲೆ ಇಡುತ್ತಾರೆ, ಹಾಸಿಗೆಯ ಮೇಲಾಗಲಿ ಸೀಟಿನ ಮೇಲಾಗಲಿ ಅಲ್ಲ. ಅದರ ಮುಖದೆದುರು ಎರಡು ಮೂರು ಅಡಿ ಖಾಲಿ. ಪರದೆ, ಟವೆಲು, ಒಣಗಲು ಹಾಕಿದ ಸಾಕ್ಸು ಯಾವುದೂ ಸುಳಿಯುವಂತಿಲ್ಲ. ಕೆಳಗೂ ಮೇಲೂ ತೆರೆದಾಯಿತೇ ಎಂದು ನೋಡಿಕೊಂಡ ಮೇಲೆಯೇ ಹೊತ್ತಿಸುತ್ತಾರೆ. ಪೈಲಟ್ ನೀಲಿಯಾಗಿದೆಯೇ, ಹಲಗೆ ಒಂದೇ ಸಮ ಕೆಂಪಾಗಿದೆಯೇ ಎಂದು ಕಣ್ಣಿಟ್ಟು ನೋಡುತ್ತಾರೆ. ಹಳದಿ ನಾಲಗೆ ಕಂಡರೆ ಆರಿಸಿ ಹೊರಗೊಯ್ದುಬಿಡುತ್ತಾರೆ. ಊಟದ ಹೊತ್ತಿನಲ್ಲಿ, ಹಾಸಿಗೆ ಬಿಡಿಸುವ ಹೊತ್ತಿನಲ್ಲಿ ವ್ಯಾನ್ ಕಾಯುತ್ತದೆ. ಮಲಗುವ ಮುಂಚೆ ಹೀಟರ್ ಆರಿಸುತ್ತಾರೆ, ಹೊರಗೊಯ್ದು ಸಿಲಿಂಡರ್ ಬಿಚ್ಚಿ ಅಲ್ಲಿಯ ಪೆಟ್ಟಿಗೆಗೆ ಸೇರಿಸುತ್ತಾರೆ. ರಾತ್ರಿಯ ಚಳಿಗೆ ಉತ್ತರ ಒಳ್ಳೆಯ ಮಲಗುಚೀಲ, ಉಣ್ಣೆಯ ಕಂಬಳಿ, ಕಿವಿ ಮುಚ್ಚುವ ಟೋಪಿ, ಕಾಲಬಳಿ ಬಿಸಿನೀರಿನ ಚೀಲ. ಬೆಳಗ್ಗೆ ಎದ್ದವರು ಕಾಫಿಗಿಡುವ ಮುಂಚೆ ಮತ್ತೆ ಅರ್ಧ ಗಂಟೆ ಹಚ್ಚುತ್ತಾರೆ. ನಿದ್ದೆ ಮಾಡುವಾಗ ಉರಿಯಕೂಡದು ಎಂಬ ಈ ಒಂದು ಕಟ್ಟಳೆ ಪಾಲಿಸಿದರೆ ಉಳಿದ ಎಷ್ಟೋ ತಪ್ಪುಗಳಿಂದ ಪಾರಾಗುತ್ತೀರಿ.

ಎಚ್ಚರಿಸುವ ಯಂತ್ರ ಎರಡು ಬೇಕು. ಪ್ರೊಪೇನ್ ಸೋರಿಕೆಯದು ನೆಲದ ಹತ್ತಿರ. ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ಎಲ್ಲೆಡೆ ಬೆರೆಯುತ್ತದೆ. ಅದರ ಅಲಾರಂ ಮಲಗುವ ತಲೆಯ ಎತ್ತರದಲ್ಲಿರಲಿ. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮಾನಾಕ್ಸೈಡ್ 70 ಪಾಲಿದ್ದಾಗ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಪಾಲಿದ್ದಾಗ 4ರಿಂದ 15 ನಿಮಿಷದೊಳಗೆ ಕೂಗಬೇಕು. ಅಂದರೆ ಕಡಿಮೆ ಪ್ರಮಾಣದಲ್ಲಿ ಅದು ಬಹಳ ಹೊತ್ತು ಸುಮ್ಮನಿರುತ್ತದೆ. ಅಂಕಿ ತೋರಿಸುವ ಪರದೆಯಿದ್ದದ್ದನ್ನು ಕೊಳ್ಳಿ. ಆರ್‌ವಿಗೆ, ಅಂದರೆ ವಸತಿ ವಾಹನಕ್ಕೆ, ಒಪ್ಪಿಗೆ ಪಡೆದದ್ದೇ ಇರಲಿ, ಅಲುಗಾಟ ತಡೆಯುವಂಥದ್ದು. ಅದರ ಆಯುಸ್ಸು ಹಿಂಬದಿಯಲ್ಲಿ ಮುದ್ರಿಸಿರುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ತಾರೀಖು ಮುಗಿದ ಅಲಾರಂ ಗೋಡೆಯ ಅಲಂಕಾರ ಅಷ್ಟೆ.

2021ರ ಫೆಬ್ರವರಿಯನ್ನು ಇಲ್ಲಿಯ ಯಾರೂ ಮರೆತಿಲ್ಲ. ಆ ತಿಂಗಳ 16ರಂದು ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ, ಹ್ಯೂಸ್ಟನ್‌ನಲ್ಲಿ ಮೈನಸ್ 11ರ ಸುಮಾರು. 45 ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳಿಗೆ ವಿದ್ಯುತ್ ಇರಲಿಲ್ಲ. ಜನ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕುಳಿತರು, ಜನರೇಟರನ್ನು ಮನೆಯೊಳಗೆ ತಂದರು, ಇದ್ದಿಲ ಗ್ರಿಲ್ ಹಚ್ಚಿಕೊಂಡರು. ಆ ಚಳಿಯಲ್ಲಿ ಸತ್ತವರು 246 ಎಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಅವರಲ್ಲಿ 19 ಮಂದಿಯನ್ನು ಕೊಂದದ್ದು ಕಾರ್ಬನ್ ಮಾನಾಕ್ಸೈಡ್. ಅದರ ವಿಷವೇರಿ ತುರ್ತು ಚಿಕಿತ್ಸೆಗೆ ಹೋದವರು ಸಾವಿರಕ್ಕೂ ಮಿಕ್ಕಿದ್ದರು, ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲೇ ನೂರಾರು. ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರ, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡವರ ಸುದ್ದಿ ನಮ್ಮ ಕರ್ನಾಟಕದ ಪತ್ರಿಕೆಗಳಲ್ಲೂ ಪ್ರತಿ ಚಳಿಗಾಲ ಬರುತ್ತದೆ. ಎರಡೂ ಕಡೆ ಕೊಂದದ್ದು ಒಂದೇ ಅನಿಲ, ಮುಚ್ಚಿದ ಕಿಟಕಿಯ ಹಿಂದೆ.

ಇಷ್ಟೆಲ್ಲ ಮೆಚ್ಚಿ ಬರೆದರೂ ತೀರ್ಪು ಹೇಳಬೇಕು. ವ್ಯಾನಿನೊಳಗೆ ಪೋರ್ಟಬಲ್ ಹೀಟರ್ ಮೂರನೆಯ ಆಯ್ಕೆ. ಸ್ಟೇಟ್ ಪಾರ್ಕಿನಲ್ಲಿ ವಿದ್ಯುತ್ ಇರುವ ಜಾಗ ಸಿಕ್ಕರೆ 1,500 ವ್ಯಾಟಿನ ಚಿಕ್ಕ ಎಲೆಕ್ಟ್ರಿಕ್ ಹೀಟರ್ ಸಾಕು. ಚಳಿಗಾಲವೆಲ್ಲ ಓಡಾಡುವವರು ಪ್ರೊಪೆಕ್ಸ್‌ನಂಥ ಅಥವಾ ಡೀಸೆಲ್ ಕುಡಿಯುವ ವೆಬಾಸ್ಟೊದಂಥ ಹೀಟರ್ ಕೂರಿಸಿಕೊಳ್ಳಲಿ. ಅವು ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಹೊರಗೇ ಬಿಟ್ಟು, ಶಾಖವನ್ನು ಮಾತ್ರ ಒಳಗೆ ಕೊಡುತ್ತವೆ. ಕಾರ್ಖಾನೆಯಲ್ಲಿ ಕಟ್ಟಿದ ಆರ್‌ವಿ ಬಾಡಿಗೆಗೆ ತಂದಿದ್ದರೆ ಒಳಗೆ ಅಂಟಿಸಿದ ಎಚ್ಚರಿಕೆಯ ಚೀಟಿಯನ್ನು ಓದಿ. ಇಂಧನ ಸುಡುವ ಪೋರ್ಟಬಲ್ ಸಾಮಾನನ್ನು ಒಳಗೆ ಬಳಸಬೇಡಿ ಎಂದಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು. ವಿದ್ಯುತ್ತಿನ ಜಾಗವೂ ಹೊಗೆ ಹೊರಗೆ ಬಿಡುವ ಹೀಟರೂ ಇಲ್ಲದ ಕಡೆ, ಎಚ್ಚರವಿರುವ ಹೊತ್ತಿಗೆ, ಕಿಟಕಿ ತೆರೆದು ಬಳಸುವವರಿಗೆ ಈ ಪುಟ್ಟ ಹೀಟರ್ ಒಳ್ಳೆಯ ಸಂಗಾತಿ.

ಡಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘದವರಲ್ಲಿ ಒಂದು ಕೋರಿಕೆ. ದೀಪಾವಳಿ, ರಾಜ್ಯೋತ್ಸವಗಳು ಚಳಿ ಶುರುವಾಗುವ ಹೊತ್ತಿಗೇ ಬರುತ್ತವೆ. ಕಾರ್ಯಕ್ರಮದ ನಡುವೆ ಹತ್ತು ನಿಮಿಷ ಬಿಡುವು ಮಾಡಿ, ಮಾನಾಕ್ಸೈಡ್ ಅಲಾರಂ ಹೇಗೆ ಕೂಗುತ್ತದೆ ಎಂದು ವೇದಿಕೆಯ ಮೇಲೆ ಒಮ್ಮೆ ಕೇಳಿಸಿ. ಮಕ್ಕಳಿಗೂ ಊರಿನಿಂದ ಬಂದ ಹಿರಿಯರಿಗೂ ಆ ಸದ್ದು ಪರಿಚಯವಾಗಲಿ. ಓದುಗರಲ್ಲಿ ಕೇಳುವುದು ಇಷ್ಟು: ಹೀಟರ್ ಕೊಳ್ಳುವ ದಿನವೇ ಅಲಾರಂ ಕೊಳ್ಳಿ, ಅಲಾರಂಗೆ ದುಡ್ಡು ಸಾಲದಿದ್ದರೆ ಹೀಟರ್ ಮುಂದಿನ ಚಳಿಗಾಲಕ್ಕೆ ಇರಲಿ.